ಮಗಳು ಕಾರಿನಲ್ಲಿ ಕೂಗಿದ ವರ್ಷ

ಹೋದ ಮಾಘದಲ್ಲಿ ಒಂದು ಮದುವೆಗೆಂದು ಬಸವಕಲ್ಯಾಣದಿಂದ ಹುಮನಾಬಾದಕ್ಕೆ ಹೊರಟಿದ್ದೆ. ನೆರೆಮನೆಯವರ ಹೊಸ ಕಾರು. ಹಿಂದಿನ ಸೀಟಿನಲ್ಲಿ ಕೂರುವುದು ನನಗೆ ರೂಢಿಯಿಲ್ಲ. ಇಪ್ಪತ್ತೆಂಟು ವರ್ಷ ಬಾಡಿಗೆ ಕಾರು ಓಡಿಸಿದವನು, ಸ್ಟೇರಿಂಗ್ ಇಲ್ಲದಿದ್ದರೆ ಕೈ ಎಲ್ಲಿಡಬೇಕೆಂದೇ ತಿಳಿಯುವುದಿಲ್ಲ. ರಾಜೇಶ್ವರದ ಹತ್ತಿರ ಯಾರೋ ಗಾಜು ಇಳಿಸಿದರು. ಹೊಲದೊಳಗಿನ ಬೆಲ್ಲದ ಗಾಣದಿಂದ ಕುದಿಯುವ ಕಬ್ಬಿನ ಹಾಲಿನ ವಾಸನೆ ಕಾರಿನೊಳಗೆ ತುಂಬಿಕೊಂಡಿತು. "ಆಹಾ" ಎಂದರು ಒಬ್ಬರು. ನಾನು ಮಾತ್ರ "ಗಾಜು ಏರಸ್ರಿ, ಜಲ್ದಿ ಏರಸ್ರಿ" ಎಂದು ಕೂಗಿಬಿಟ್ಟೆ. ಎಲ್ಲರೂ ತಿರುಗಿ ನೋಡಿದರು. ಏನು ಹೇಳಲಿ? ಆ ವಾಸನೆ ಬಂದರೆ ಮಗಳು ಕೂಗುತ್ತಾಳೆ ಎನ್ನಲೆ? ಮಗಳು ಕಾರಿನಲ್ಲಿರಲೇ ಇಲ್ಲ. ತಾಯಿಯೊಂದಿಗೆ ಮನೆಯಲ್ಲಿದ್ದಳು. ಅವಳು ಕಾರು ಹತ್ತಿ ಇಪ್ಪತ್ತು ವರ್ಷದ ಮೇಲಾಗಿದೆ.

ಮಗಳ ಹೆಸರು ನೀಲಾ. ನಾನು ಹೇಳುತ್ತಿರುವ ವರ್ಷ ಅವಳಿಗೆ ಏಳು ತುಂಬಿತ್ತು. ಹೊಸ ಶತಮಾನ ಶುರುವಾಗಿ ಮೂರ್ನಾಲ್ಕು ವರ್ಷ ಆಗಿದ್ದಿರಬೇಕು. ಬಿ.ಎ. ಮುಗಿಸಿ ನೌಕರಿ ಸಿಗದೆ ನಾನು ಕಾರು ಹಿಡಿದಿದ್ದೆ. ನನ್ನದೊಂದು ಬಿಳಿ ಅಂಬಾಸಿಡರ್ ಇತ್ತು. ಮದುವೆಯ ಮದುಮಗಳಿಂದ ಹಿಡಿದು ಆಸ್ಪತ್ರೆಯಿಂದ ಮರಳುವ ಹೆಣದವರೆಗೆ ಎಲ್ಲರನ್ನೂ ಒಯ್ದಿದ್ದೆ. ಬಸುರಿಯರ ಮನೆಯವರು ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು, ಕುಲುಕದಂತೆ ಓಡಿಸುತ್ತೇನೆಂದು. ಅದರ ಹೆಮ್ಮೆ ನನಗಿತ್ತು. ಎಲ್ಲರ ಮನೆಯವರನ್ನು ನೆಟ್ಟಗೆ ಮುಟ್ಟಿಸುವ ನನಗೆ ನನ್ನ ಮಗಳನ್ನು ಒಂದು ತಾಸಿನ ದಾರಿ ಒಯ್ಯುವುದಾಗಲಿಲ್ಲ.

ನೀಲಾ ಮಾತಾಡುತ್ತಿರಲಿಲ್ಲ. ಕಿವಿ ಕೇಳುತ್ತಿತ್ತು. ಕರೆದರೆ ತಿರುಗುತ್ತಿರಲಿಲ್ಲ, ಆದರೆ ಪಕ್ಕದ ಕೋಣೆಯಲ್ಲಿ ಬಿಸ್ಕತ್ತಿನ ಕಾಗದ ಸರಕ್ಕೆಂದರೆ ಓಡಿ ಬರುತ್ತಿದ್ದಳು. ಮನೆಯ ಚಪ್ಪಲಿಗಳನ್ನೆಲ್ಲ ಸಾಲಾಗಿ ಜೋಡಿಸುವುದು ಅವಳ ಕೆಲಸ. ಒಂದು ಓರೆಯಾದರೆ ಮನೆಯೇ ಮುಳುಗಿದಂತೆ ಅಳುತ್ತಿದ್ದಳು. ಒಂದನೆಯ ತರಗತಿಗೆ ಹಾಕಿದ ಮೂರನೆಯ ವಾರವೇ ಹೆಡ್‌ಮಾಸ್ತರರು ನನ್ನನ್ನು ಕರೆಸಿದರು. "ಕೂಸು ಛಲೋ ಅದ. ಖರೆ ನಮ್ಮ ಬಲ್ಲಿ ಆಗಂಗಿಲ್ಲ. ನೀವು ಬ್ಯಾರೆ ಕಡಿ ನೋಡ್ರಿ" ಎಂದರು. ಬೇರೆ ಕಡೆ ಎಂದರೆ ಎಲ್ಲಿ ಎಂದು ಅವರಿಗೂ ಗೊತ್ತಿರಲಿಲ್ಲ.

ಹುಮನಾಬಾದಿನ ಸುದ್ದಿ ತಂದದ್ದು ನನ್ನ ಕಾರಿನ ಒಬ್ಬ ಗಿರಾಕಿ. ಕಮಲಾಬಾಯಿ ಎಂಬ ವಿಧವೆ ಅಲ್ಲಿ ತಮ್ಮನ ಮನೆಯಲ್ಲಿ ಬಂದು ನೆಲೆಸಿದ್ದಾರೆ. ಸೊಲ್ಲಾಪುರದಲ್ಲಿ ಇಂಥ ಮಕ್ಕಳ ಶಾಲೆಯಲ್ಲಿ ಕೆಲಸ ಮಾಡಿದವರು. ವಾರಕ್ಕೆ ಮೂರು ದಿನ ಪಡಸಾಲೆಯಲ್ಲಿ ನಾಲ್ಕು ಮಕ್ಕಳನ್ನು ಕೂರಿಸಿಕೊಳ್ಳುತ್ತಾರೆ. ಹೆಂಡತಿ ಶಾಂತಾಳೂ ನಾನೂ ನೀಲಾಳನ್ನು ಕರೆದುಕೊಂಡು ಹೋಗಿ ಕಂಡೆವು. ಕಮಲಾಬಾಯಿ ನೀಲಾಳ ಹತ್ತಿರ ಬರಲಿಲ್ಲ, ಗಲ್ಲ ಹಿಡಿದು ಹೆಸರು ಕೇಳಲಿಲ್ಲ. ನೆಲದ ಮೇಲೆ ಕುಳಿತು ಹುಣಸೆಬೀಜಗಳನ್ನು ಒಂದರ ಹಿಂದೊಂದು ಇಡುತ್ತಾ ಹೋದರು. ಅರ್ಧ ತಾಸಿನ ಮೇಲೆ ನೀಲಾ ತಾನಾಗಿ ಹೋಗಿ ಮುಂದಿನ ಬೀಜ ಇಟ್ಟಳು. ಶಾಂತಾ ಸೆರಗು ಬಾಯಿಗೊತ್ತಿಕೊಂಡಳು.

"ಇದು ಹಟ ಅಲ್ರಿ. ದೆವ್ವ ಭೂತ ಏನೂ ಅಲ್ಲ" ಎಂದರು ಕಮಲಾಬಾಯಿ. "ಇದಕ್ಕ ಆಟಿಸಂ ಅಂತಾರ. ಹುಟ್ಟಿನಿಂದ ಬಂದದ್ದು. ಸಪ್ಪಳ, ಬೆಳಕು, ವಾಸನಿ, ಎಲ್ಲಾ ಒಮ್ಮಿಗೇ ಅಕಿ ಮೈಮ್ಯಾಲ ಬಂದು ಬೀಳ್ತಾವ. ನಮಗ ಕಾಣಂಗಿಲ್ಲ."

"ಗುಳಿಗಿ ಏನರ ಅದಾವೇನ್ರಿ?" ಎಂದೆ.

"ಇಲ್ರಿ. ತಪ್ಪಸಲಾರದ ಕರಕೊಂಡು ಬರ್ರಿ. ಅದೇ ಗುಳಿಗಿ."

ಮೊದಲು ಬಸ್ಸಿನಲ್ಲಿ ಒಯ್ದೆವು. ಎರಡನೆಯ ದಿನವೇ ನಡುದಾರಿಯಲ್ಲಿ ಇಳಿಯಬೇಕಾಯಿತು. ಜನ ಬೈದು ಇಳಿಸಲಿಲ್ಲ, ಮುಖ ನೋಡಿ ನಾವೇ ಇಳಿದೆವು. ಆಮೇಲೆ ಸೋಮವಾರ, ಬುಧವಾರ, ಶುಕ್ರವಾರ ಬಾಡಿಗೆ ಬಿಟ್ಟು ನನ್ನ ಕಾರಿನಲ್ಲೇ ಒಯ್ಯತೊಡಗಿದೆ. ಆಗ ಮಳೆ ಹಿಡಿದಿತ್ತು. ಹೆಸರು, ಉದ್ದು ಬಿತ್ತಿದ ಹೊಲಗಳು ಕರ್ರಗೆ ನೆನೆದು ಬಿದ್ದಿದ್ದವು.

ಊರಿನಿಂದ ಸಸ್ತಾಪುರ ಬಂಗ್ಲಾದವರೆಗೆ ನೀಲಾ ಸುಮ್ಮನೆ ಕೂರುತ್ತಿದ್ದಳು. ಅಲ್ಲಿ ಪುಣೆ–ಹೈದರಾಬಾದ್ ಹೆದ್ದಾರಿ ಕೂಡುತ್ತದೆ. ಕಾರು ಹೊರಳಿ ಹೆದ್ದಾರಿ ಹತ್ತಿತೆಂದರೆ ಅವಳ ಗಂಟಲಿನಿಂದ ಮೊದಲು ಒಂದು ಸಣ್ಣ ನಾದ ಹೊರಡುತ್ತಿತ್ತು. ಆ ನಾದ ಕೇಳಿದರೆ ಶಾಂತಾ ತನ್ನ ಬಳೆ ಕಳಚಿ ಚೀಲದಲ್ಲಿಡುತ್ತಿದ್ದಳು. ಆಮೇಲೆ ಕೂಗು. ಅಳು ಎಂದು ಅದಕ್ಕೆ ಹೇಳಲಾರೆ. ಅಳುವ ಕೂಸು ಯಾರನ್ನೋ ನೋಡಿ ಅಳುತ್ತದೆ. ಇವಳ ಕಣ್ಣು ಯಾರನ್ನೂ ನೋಡುತ್ತಿರಲಿಲ್ಲ. ಹಣೆಯನ್ನು ಗಾಜಿಗೆ ಬಡಿದುಕೊಳ್ಳುತ್ತಿದ್ದಳು. ತನ್ನ ಮಣಿಕಟ್ಟನ್ನು ತಾನೇ ಕಚ್ಚಿಕೊಳ್ಳುತ್ತಿದ್ದಳು. ಹಿಡಿಯಹೋದರೆ ತಾಯಿಯ ಕೂದಲು ಕೈಗೆ ಬರುತ್ತಿತ್ತು. ಕೆಲವೊಮ್ಮೆ ವಾಂತಿ. ಹಿಂದಿನ ಗಾಡಿ ನೋಡುವ ಕನ್ನಡಿಯನ್ನು ನಾನು ಅವರ ಕಡೆ ತಿರುಗಿಸಿಟ್ಟುಕೊಂಡಿದ್ದೆ. ನೋಡದೆ ಓಡಿಸುವುದೂ ಆಗುತ್ತಿರಲಿಲ್ಲ, ನೋಡುತ್ತಾ ಓಡಿಸುವುದೂ ಆಗುತ್ತಿರಲಿಲ್ಲ.

ನನಗೆ ತಿಳಿದದ್ದನ್ನೆಲ್ಲ ಮಾಡಿದೆ. ಮೆಲ್ಲಗೆ ಓಡಿಸಿದೆ, ಜೋರಾಗಿ ಓಡಿಸಿ ಜಲ್ದಿ ಮುಟ್ಟಿಸಲು ನೋಡಿದೆ. ಕ್ಯಾಸೆಟ್ ಹಾಕಿದೆ, ತೆಗೆದೆ. ಸೀಟಿನ ರೆಕ್ಸಿನ್ ಬಿಸಿಯಾಗುತ್ತದೇನೋ ಎಂದು ಹಳೆಯ ಧೋತರ ಹಾಸಿದೆ. ನನ್ನ ಅವ್ವ ತಾಯತ ಕಟ್ಟಿದಳು. ಒಬ್ಬರು ದರ್ಗಾದ ನೀರು ತಂದುಕೊಟ್ಟರು, ಅದನ್ನೂ ಕಾರಿಗೆ ಚಿಮುಕಿಸಿದೆ. ಕಾರಿನ ರೋಗವಾದರೆ ಸಪ್ಪಳ ಕೇಳಿಯೇ ನಾನು ಹೇಳುತ್ತಿದ್ದೆ, ಇಂಥ ಬೇರಿಂಗು ಹೋಗಿದೆ, ಇಂಥ ಬೋಲ್ಟು ಸಡಿಲಾಗಿದೆ ಎಂದು. ಮಗಳ ಕೂಗನ್ನು ವಾರಕ್ಕೆ ಆರು ಸಲ ಕೇಳಿದೆ. ಎಲ್ಲಿಂದ ಬರುತ್ತದೆಂದು ತಿಳಿಯಲಿಲ್ಲ.

ಕಮಲಾಬಾಯಿ ಒಂದು ನೋಟುಬುಕ್ಕಿನಲ್ಲಿ ಬರೆದಿಡಲು ಹೇಳಿದರು. ಎಲ್ಲಿ ಶುರುವಾಯಿತು, ಆಗ ಏನು ನಡೆದಿತ್ತು, ಎಲ್ಲಿ ನಿಂತಿತು. ಶಾಂತಾ ಬರೆದಳು. ಕೆಲವು ಸಂಗತಿಗಳು ಗುಟ್ಟು ಬಿಟ್ಟುಕೊಟ್ಟಂತೆ ಕಂಡವು. ಮಳೆ ನಿಂತ ಮೇಲೆ ಒಣಗಾಜಿನ ಮೇಲೆ ವೈಪರ್ ಕಿರ್ರೆಂದರೆ ಅವಳಿಗೆ ತಡೆಯುತ್ತಿರಲಿಲ್ಲ. ಲಾರಿಗಳ ಹಾರ್ನಿಗೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಗಿಡಗಳ ನಡುವೆ ಬಿಸಿಲು ಮಿಣುಕು ಮಿಣುಕಾಗಿ ಮುಖದ ಮೇಲೆ ಬಿದ್ದರೆ ಶುರು. ಕಿಟಕಿಗೆ ಕರಿಬಟ್ಟೆ ಕಟ್ಟಿದೆವು, ಕಿವಿಗೆ ಉಣ್ಣೆಯ ಟೋಪಿ ಹಾಕಿದೆವು. ಎರಡು ದಿನ ಒಳ್ಳೆಯದಾಯಿತು. ಮೂರನೆಯ ದಿನ ಬಿಸಿಲಿಲ್ಲ, ಮಳೆಯಿಲ್ಲ, ಲಾರಿಯಿಲ್ಲ, ಸಸ್ತಾಪುರದಿಂದ ಹುಮನಾಬಾದದವರೆಗೂ ಕೂಗಿದಳು. ಶಾಂತಾ ಅಂದು ಪುಸ್ತಕದಲ್ಲಿ ಬರೀ ಒಂದು ಗೆರೆ ಎಳೆದಳು.

ಮುಟ್ಟಿದ ಮೇಲೆ ಮಾತ್ರ ಆ ಪಡಸಾಲೆಯಲ್ಲಿ ಅವಳು ಬೇರೆಯೇ ಕೂಸು. ಬೀಜ ಜೋಡಿಸುವಳು, ನೀರು ಬೇಕಾದರೆ ತಂಬಿಗೆ ಮುಟ್ಟಿ ತೋರಿಸುವಳು. ಶ್ರಾವಣದ ಹೊತ್ತಿಗೆ "ನೀ" ಎಂದಳು. ನೀರೋ, ನೀಲಾಳೋ ತಿಳಿಯದು. ಶಾಂತಾಳಿಗೆ ಅಷ್ಟು ಸಾಕಾಗಿತ್ತು. ಅದಕ್ಕೇ ನಮಗೆ ಆ ದಾರಿಯನ್ನು ಬಿಡಲಾಗಲಿಲ್ಲ. "ನೀ"ಯನ್ನು ಕಾಣಬೇಕಾದರೆ ಆ ಒಂದು ತಾಸನ್ನು ದಾಟಲೇಬೇಕಿತ್ತು. ಮತ್ತೆ ಆ ತಾಸನ್ನು ಅನುಭವಿಸುವವಳು ಅವಳು, ನಾವಲ್ಲ.

ಭಾದ್ರಪದದಲ್ಲಿ ಒಂದು ಬುಧವಾರ ರಾಜೇಶ್ವರದ ಆಚೆ ಹೆದ್ದಾರಿಯ ಒಂದು ಸೇತುವೆ ದುರಸ್ತಿಗೆ ತೆಗೆದಿದ್ದರು. ಗಾಡಿಗಳನ್ನೆಲ್ಲ ಹೊಲದ ಬದಿಯ ಮಣ್ಣಿನ ದಾರಿಗೆ ತಿರುಗಿಸುತ್ತಿದ್ದರು. ನಾನು ಹೊರಳಿಸಿದೆ. ನೀಲಾ ಅಂದು ಅಲ್ಲಿಯವರೆಗೆ ಗಪ್ಪಾಗಿದ್ದಳು. ದಾರಿ ಬೇರೆಯಾದದ್ದು ಕಂಡದ್ದೇ ಎದ್ದು ನಿಂತಳು. ಎಂದೂ ಕೇಳದಂಥ ಕೂಗು. ಮುಂದೆ ಟ್ರ್ಯಾಕ್ಟರ್, ಹಿಂದೆ ಲಾರಿ, ನಿಲ್ಲಿಸುವಂತಿರಲಿಲ್ಲ. "ಹಿಡಿ, ಹಿಡಿ ಅಕಿನ್ನ" ಎಂದು ನಾನು ಒದರುತ್ತಿದ್ದೆ. ಅಷ್ಟರಲ್ಲಿ ಬಾಗಿಲು ತೆರೆದ ಸಪ್ಪಳ. ಕನ್ನಡಿಯಲ್ಲಿ ಮಗಳು ಕಾಣಲಿಲ್ಲ. ಶಾಂತಾಳ ಬೆನ್ನು ಮಾತ್ರ ಕಂಡಿತು, ಬಾಗಿಲಿನಾಚೆಗೆ ಬಾಗಿದ ಬೆನ್ನು.

ಬ್ರೇಕ್ ತುಳಿದು ಇಳಿದು ಓಡಿದೆ. ಶಾಂತಾ ಫ್ರಾಕಿನ ಬೆನ್ನು ಹಿಡಿದಿದ್ದಳು. ನೀಲಾ ಅರ್ಧ ಹೊರಗೆ ಜೋತಿದ್ದಳು, ಕಾಲು ಕೆಸರಿಗೆ ತಾಗುತ್ತಿತ್ತು. ಹಿಂದಿನ ಚಕ್ರ ಒಂದು ಗೇಣಿನ ದೂರದಲ್ಲಿತ್ತು. ಎತ್ತಿ ನಿಲ್ಲಿಸಿದೆ. ಎದೆಗೆ ಅಪ್ಪಿಕೊಳ್ಳಬೇಕಿತ್ತು. ನಾನು ಅವಳ ಕೆನ್ನೆಗೆ ಹೊಡೆದೆ. ಒಂದಲ್ಲ, ಎರಡು ಏಟು.

ಯಾಕೆ ಹೊಡೆದೆ ಎಂದು ಇಷ್ಟು ವರ್ಷ ನನಗೆ ನಾನೇ ಹಲವು ಉತ್ತರ ಕೊಟ್ಟುಕೊಂಡಿದ್ದೇನೆ. ಹೆದರಿಕೆಯಿಂದ ಎನ್ನುತ್ತೇನೆ. ಅದು ನಿಜ. ಮೂರು ತಿಂಗಳಿಂದ ಕೈ ಕಾಯುತ್ತಿತ್ತು, ಅದೂ ನಿಜ.

ನೀಲಾ ಕೆಸರಲ್ಲಿ ಬಿದ್ದು ಹೊರಳತೊಡಗಿದಳು. ಗಾಡಿಗಳು ನಿಂತವು, ಜನ ಇಳಿದರು. ಜೀಪಿನಿಂದ ಬಂದ ಒಬ್ಬ ಗಟ್ಟಿಮುಟ್ಟಾದ ಆಸಾಮಿ ನೇರ ಹೋಗಿ ನನ್ನ ಕಾರಿನ ಕೀಲಿ ಕಿತ್ತುಕೊಂಡ.

"ಯಾರ ಕೂಸು ಇದು? ಎಲ್ಲಿಗಿ ಒಯ್ಯಾಕತ್ತೀರಿ?"

"ನನ್ನ ಮಗಳ್ರಿ."

"ಮಗಳಾದ್ರ ಗಾಡ್ಯಾಗಿಂದ ಯಾಕ ಜಿಗಿತಾಳ? ಕಿಟಕಿಗಿ ಕರಿ ಅರಿವಿ ಯಾಕ ಕಟ್ಟೀರಿ? ಕೈ ನೋಡ್ರಿ ಕೂಸಿಂದು!" ಎಂದು ಅವನು ಸುತ್ತಲಿನವರಿಗೆ ತೋರಿಸಿದ. ಅವಳ ಮಣಿಕಟ್ಟಿನ ತುಂಬ ಹಲ್ಲಿನ ಗುರುತುಗಳಿದ್ದವು. ಕೆನ್ನೆಯ ಮೇಲೆ ನನ್ನ ಬೆರಳು ಮೂಡಿದ್ದವು. ಕಾಣುವುದೆಲ್ಲ ನಮ್ಮ ವಿರುದ್ಧವೇ ಇತ್ತು.

ಅವನು ನೀಲಾಳ ಮುಂದೆ ಬಗ್ಗಿದ. ಮೆತ್ತಗಿನ ದನಿಯಲ್ಲೇ ಕೇಳಿದ, ಕೆಟ್ಟವನಲ್ಲ ಅವನು. "ಹೇಳವ್ವಾ, ಅಂಜಬ್ಯಾಡ. ಇಂವಾ ನಿಮ್ಮಪ್ಪನೇನು?"

ಎಲ್ಲರೂ ಅವಳ ಬಾಯಿ ನೋಡಿದರು. ನಾನೂ ನೋಡಿದೆ. ಅವಳಿಗೆ ಮಾತು ಬರುವುದಿಲ್ಲವೆಂದು ಗೊತ್ತಿದ್ದೂ, ಒಂದು ಗಳಿಗೆ ನಾನೂ ಆಸೆಯಿಂದ ಕಾದೆ. ಅವಳು ನಮ್ಮ ಯಾರನ್ನೂ ನೋಡದೆ ಕೂಗುತ್ತಲೇ ಇದ್ದಳು.

"ಅಕಿಗಿ ಮಾತ ಬರಂಗಿಲ್ರೀ ಅಣ್ಣಾ, ನಿಮ್ಮ ಕಾಲ ಬೀಳ್ತೀನಿ, ದೂರ ನಿಂದರ್ರಿ" ಎಂದು ಶಾಂತಾ ಅಳುತ್ತಿದ್ದಳು. "ಹಿಂಗೇ ಹೇಳ್ತಾರ ಎಲ್ಲಾರೂ" ಎಂದಿತು ಗುಂಪಿನಲ್ಲೊಂದು ದನಿ. ಪೊಲೀಸರಿಗೆ ಹೇಳಿ ಕಳಿಸಿರೆಂದು ಇನ್ನೊಂದು.

ಪಕ್ಕದ ತೊಗರಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರು ಬದುವಿಗೆ ಬಂದು ನಿಂತಿದ್ದರು. ಅವರಲ್ಲಿ ಒಬ್ಬ ಮುದುಕಿ ಕುರ್ಪಿ ಹಿಡಿದುಕೊಂಡೇ ಗುಂಪಿನೊಳಗೆ ನುಗ್ಗಿದಳು. "ಸರೀರಿ ಅತ್ಲಾಗ. ಕೂಸಿಗಿ ಗಾಳಿ ಬಿಡ್ರಿ. ಗಪ್ ಆಗ್ರಿ ಎಲ್ಲಾರೂ!" ಎಂದು ಗದರಿದಳು. ಯಾಕೋ ಜನ ಸರಿದರು. ಮುದುಕಿ ನೀಲಾಳನ್ನು ಮುಟ್ಟಲಿಲ್ಲ. ನಾಲ್ಕು ಮಾರು ದೂರ ಕೆಸರಿನಲ್ಲೇ ಕುಕ್ಕರಗಾಲಿನಲ್ಲಿ ಕುಳಿತು ನೆಲ ನೋಡುತ್ತಾ ಸುಮ್ಮನಾದಳು. ಶಾಂತಾಳೂ ಕುಳಿತಳು. ನಾನೂ ಕುಳಿತೆ. ಎಷ್ಟು ಹೊತ್ತಾಯಿತೋ. ಕೂಗು ಬಿಕ್ಕಾಯಿತು, ಬಿಕ್ಕು ಉಸಿರಾಯಿತು.

ಆಮೇಲೆ ನೀಲಾ ಎದ್ದು ನನ್ನ ಕಡೆ ಬಂದಳು. ನನ್ನ ಅಂಗಿಯ ತೋಳಿಗೆ ಡೀಸೆಲ್ ವಾಸನೆ ಯಾವಾಗಲೂ ಇರುತ್ತಿತ್ತು. ಮನೆಯಲ್ಲಿ ನಾನು ಕೂತಾಗ ಅದನ್ನು ಮೂಸುವುದು ಅವಳ ಅಭ್ಯಾಸ. ಅಂದೂ ಆ ತೋಳನ್ನು ಎಳೆದು ಮೂಗಿಗೆ ಒತ್ತಿಕೊಂಡು ನಿಂತಳು. ಹೊಡೆದದ್ದು ಆ ಕೈಯೇ. ಜೀಪಿನವನು ಕೀಲಿಯನ್ನು ಬಾನೆಟ್ಟಿನ ಮೇಲಿಟ್ಟು ಹೋದ.

ಮುದುಕಿಗೆ ಕೈ ಮುಗಿದೆ. ಅವಳು ದುಬಲಗುಂಡಿಯವಳಂತೆ, ಕೂಲಿಗೆ ಇಲ್ಲಿ ಮಗಳ ಊರಿಗೆ ಬಂದಿದ್ದಳು. "ನಮ್ಮ ತಮ್ಮ ಒಬ್ಬಾವ ಹಿಂಗೇ ಇದ್ದ" ಎಂದಳು.

"ಈಗ ಹ್ಯಾಂಗಿದ್ದಾರವ್ವಾ?"

"ಎಲ್ಲಿ ಅದಾನ? ಕೆಲಸಕ್ಕ ಹೋಗೋವಾಗ ಕಟ್ಟಿ ಹೋಗ್ತಿದ್ವಿ, ಬಾವಿಗಿ ಬೀಳ್ತಾನಂತ. ಕಂಬಕ್ಕ ಕಟ್ಟಿದಲ್ಲೇ ದೊಡ್ಡಾಂವ ಆದ, ಅಲ್ಲೇ ಸತ್ತ. ನಮಗೇನು ಮಾಲೂಮಿತ್ತು?" ಕುರ್ಪಿಯ ಮಣ್ಣನ್ನು ಬೆರಳಿನಿಂದ ತೆಗೆಯುತ್ತಾ ಅಂದಳು, "ನೀವು ಕಟ್ಟಬ್ಯಾಡ್ರಿ."

ಅಂದು ಹುಮನಾಬಾದಕ್ಕೆ ಹೋಗಲಿಲ್ಲ. ಆ ರಾತ್ರಿ ಶಾಂತಾ ನನ್ನ ತಾಟಿಗೆ ರೊಟ್ಟಿ ಹಾಕಿ ಒಳಗೆ ಹೋದಳು. ಮಲಗುವಾಗ ಒಂದೇ ಮಾತು ಹೇಳಿದಳು: "ಇನ್ನೊಮ್ಮಿ ಕೈ ಎತ್ತಿದ್ರ ನಾ ಅಕಿನ್ನ ಹೊತಗೊಂಡು ನಡಕೋತ ಹೋಗ್ತೀನಿ. ನಿಮ್ಮ ಗಾಡಿ ನಕೋ."

ಶುಕ್ರವಾರ ಹೊರಟಾಗ ನೀಲಾ ಕೂಗಲಿಲ್ಲ. ಸೋಮವಾರವೂ ಇಲ್ಲ. ಸಸ್ತಾಪುರದಲ್ಲಿ ಕಾರು ಹೊರಳಿದಾಗ ಮೊಣಕಾಲು ಅಪ್ಪಿಕೊಂಡು ಸೀಟಿನ ಮೂಲೆಗೆ ಸರಿಯುತ್ತಿದ್ದಳು, ಅಷ್ಟೇ. ಬಸ್‌ ನಿಲ್ದಾಣದ ಗೆಳೆಯರು "ಎರಡು ಬಿಗದ್ರ ಸೀದಾ ಆಗ್ತಾವ, ನಾ ಹೇಳಿರಲಿಲ್ಲೇನು?" ಎಂದರು. ಹೌದೇನೋ ಎಂದು ನಾನೂ ಎರಡು ವಾರ ನಂಬಿದ್ದೆ. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ, ಆ ಮೌನದಲ್ಲಿ ನನಗೆ ಕಾರು ಓಡಿಸುವುದು ಸುಖವೆನಿಸಿತ್ತು.

ದಸರೆಯ ಹೊತ್ತಿಗೆ ಕಮಲಾಬಾಯಿ ನನ್ನನ್ನು ಹೊರಗೆ ಕರೆದರು. "ನೀಲಾ ಬೀಜ ಮುಟ್ಟವಲ್ಲಳು. 'ನೀ' ಅನ್ನೋದೂ ಬಿಟ್ಟಾಳ. ಮನ್ಯಾಗ ಏನಾತ್ರಿ?" ನಾನು ಹೇಳಿದೆ. ಅವರು ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ನಾನೂ ಒಬ್ಬ ಹುಡುಗಗ ಹೊಡದಿದ್ದೆ, ಸೊಲ್ಲಾಪುರದಾಗ. ಕೆಲಸಕ್ಕ ಸೇರಿದ ಹೊಸದ್ರಾಗ" ಎಂದರು. "ಅಂಜಿ ಸುಮ್ಮಾದ ಕೂಸು ಸುಧಾರಿಸಿದ ಕೂಸಲ್ರಿ. ಅದು ಒಳಗ ಹೋಗಿ ಕೂತದ. ಈಗ ತಾನಾಗಿ ಹೊರಗ ಬರೋತನಕ ಕಾಯಬೇಕು."

"ಬರದಿದ್ರ?"

ಅವರು ಒಳಗೆ ಹೋಗಿ ನೀಲಾಳ ಮುಂದೆ ಬೀಜಗಳನ್ನು ಮತ್ತೆ ಸಾಲಾಗಿ ಇಡತೊಡಗಿದರು.

ಮಳೆಗಾಲ ಹೋಯಿತು, ಜೋಳ ಮೊಣಕಾಲೆತ್ತರ ಬೆಳೆಯಿತು, ಚಳಿ ಬಂತು. ಮೂರು ತಿಂಗಳು ಕಾರಿನಲ್ಲಿ ಒಂದು ಹೆಣವನ್ನು ಒಯ್ದಂತೆ ಒಯ್ದೆ. ಕನ್ನಡಿಯಲ್ಲಿ ಅವಳ ನೆತ್ತಿ ಮಾತ್ರ ಕಾಣುತ್ತಿತ್ತು. ನನ್ನ ತೋಳನ್ನು ಮೂಸಲೂ ಬರುತ್ತಿರಲಿಲ್ಲ.

ಪುಷ್ಯದಲ್ಲಿ ರಾಜೇಶ್ವರದ ಹತ್ತಿರ ಗಾಣ ಹೂಡಿದರು. ಒಂದು ಮುಂಜಾನೆ ಕಿಟಕಿ ಸಂದಿನಿಂದ ಬೆಲ್ಲದ ವಾಸನೆ ಬಂತು. ಹಿಂದಿನಿಂದ ಆ ಸಣ್ಣ ನಾದ ಕೇಳಿಸಿತು. ಶಾಂತಾ ಬಳೆ ಕಳಚಲಿಲ್ಲ. ಕನ್ನಡಿಯಲ್ಲಿ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ನೀಲಾ ಕೂಗಿದಳು. ಗಾಜಿಗೆ ಹಣೆ ಬಡಿದುಕೊಂಡು, ಗಂಟಲು ಹರಿಯುವಂತೆ. ಕಾರನ್ನು ಬದಿಗೆ ಹಾಕಿ ಇಂಜಿನ್ ಬಂದ್ ಮಾಡಿದೆ. ಶಾಂತಾ ಹಣೆಗೂ ಗಾಜಿಗೂ ನಡುವೆ ಅಂಗೈ ಇಟ್ಟಳು. ಅವಳ ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ಮಾತ್ರ ಹಬ್ಬದ ಕಳೆ. "ಬಂದ್ಳು ನೋಡ್ರಿ" ಎಂದಳು. ಮಗಳು ಸಂಕಟಪಡುವುದನ್ನು ಕಂಡು ಸಂತೋಷಪಟ್ಟ ತಂದೆತಾಯಿ ನಾವು. ಅಂಥ ಸ್ಥಿತಿ ಯಾರಿಗೂ ಬರಬಾರದು.

ಅಂದಿನಿಂದ ನಾನು ಕಾರಣ ಹುಡುಕುವುದನ್ನು ಕಡಿಮೆ ಮಾಡಿದೆ. ನಾದ ಕೇಳಿದರೆ ನಿಲ್ಲಿಸುವುದು, ಮುಗಿಯುವವರೆಗೆ ಕಾಯುವುದು. ಒಂದು ತಾಸಿನ ದಾರಿ ಕೆಲವೊಮ್ಮೆ ಮೂರು ತಾಸಾಗುತ್ತಿತ್ತು. ಮುಟ್ಟುವ ಹೊತ್ತಿಗೆ ಕಮಲಾಬಾಯಿಯ ಉಳಿದ ಮಕ್ಕಳು ಮನೆಗೆ ಹೊರಟಿರುತ್ತಿದ್ದರು. ಅವರು ಮಾತ್ರ ಚಾಪೆ ತೆಗೆಯದೆ ಕಾದಿರುತ್ತಿದ್ದರು.

ಯುಗಾದಿ ಕಳೆದ ಮೇಲಿನ ಒಂದು ಸೋಮವಾರ. ಸಸ್ತಾಪುರ ಬಂತು, ಹೊರಳಿದೆ, ನಾದವಿಲ್ಲ. ಕನ್ನಡಿ ನೋಡಿದೆ. ನೀಲಾ ಮೂಲೆಯಲ್ಲಿ ಮುದುಡಿರಲಿಲ್ಲ. ಕರಿಬಟ್ಟೆಯನ್ನು ತಾನೇ ಸರಿಸಿ, ಕಿಟಕಿಯ ರಬ್ಬರಿನ ಮೇಲೆ ಬೆರಳಾಡಿಸುತ್ತಾ ಹೊರಗೆ ನೋಡುತ್ತಿದ್ದಳು. ಏನೋ ಗುನುಗುತ್ತಿದ್ದಳು. ರಾಜೇಶ್ವರ ದಾಟಿತು. ಲಾರಿ ಹಾರ್ನ್ ಹೊಡೆಯಿತು. ಒಂದು ಕಿವಿ ಮುಚ್ಚಿಕೊಂಡು ಮತ್ತೆ ಗುನುಗಿದಳು. ಹುಮನಾಬಾದ ಬಂದೇಬಿಟ್ಟಿತು. ಹತ್ತು ತಿಂಗಳಲ್ಲಿ ಮೊದಲ ಸಲ, ಕೂಗೂ ಇಲ್ಲದೆ ಅಂಜಿಕೆಯೂ ಇಲ್ಲದೆ, ಒಂದು ತಾಸಿನ ದಾರಿ ಒಂದೇ ತಾಸಿನಲ್ಲಿ.

ಕಮಲಾಬಾಯಿಯ ಬಾಗಿಲಿಗೆ ಕೀಲಿ ಬಿದ್ದಿತ್ತು.

ಪಕ್ಕದ ಮನೆಯಾಕೆ ಬಂದು ಹೇಳಿದಳು. "ಕಮಲಾಬಾಯಾರಿಗಿ ಶನಿವಾರ ಒಂದ್ ಕಡಿ ಮೈ ಬಿದ್ದೋತ್ರಿ, ಮಾತೂ ನಿಂತಾವ. ಮಗ ಬಂದು ಹೈದರಾಬಾದಕ್ಕ ಒಯ್ದಾನ. ತಮ್ಮನೂ ಸಂಗಟ ಹೋಗ್ಯಾನ. ಇನ್ನ ಇಲ್ಲಿಗಿ ಕಳಸೋದು ಡೌಟ್ ಅಂತಂದ." ನಮ್ಮ ಮನೆಯಲ್ಲಿ ಫೋನಿರಲಿಲ್ಲ. ಯಾರಾದರೂ ಹೇಳುವುದಾದರೂ ಹೇಗೆ?

ನೀಲಾ ಚಪ್ಪಲಿ ಬಿಟ್ಟು, ಓರೆಯಾಗದಂತೆ ಇಟ್ಟು, ಬಾಗಿಲ ಮುಂದೆ ನಿಂತಳು. ಅಂಗೈಯಿಂದ ಬಾಗಿಲನ್ನು ತಟ್ಟಲಿಲ್ಲ, ನೇವರಿಸಿದಳು. ಆಮೇಲೆ ಕಟ್ಟೆಯ ಮೇಲೆ ಕುಳಿತಳು. ಶಾಂತಾ ಅವಳಿಗೆ ಹೇಳಲು ಹೋಗಿ ಹೇಳಲಾರದೆ ಪಕ್ಕದಲ್ಲಿ ಕೂತಳು. "ಕಮಲಾಬಾಯಾರಿಗಿ ಆರಾಮಿಲ್ಲ, ನೀಲಾ" ಎಂದೆ ನಾನು. ಅವಳಿಗೆ ಎಷ್ಟು ತಿಳಿಯಿತೋ ದೇವರೇ ಬಲ್ಲ. ಮಧ್ಯಾಹ್ನ ಒಂದು ಗಂಟೆಯವರೆಗೆ, ದಿನವೂ ಪಾಠ ಮುಗಿಯುವ ಹೊತ್ತಿನವರೆಗೆ, ನಾವು ಮೂವರೂ ಆ ಬಿಸಿಲಲ್ಲಿ ಕುಳಿತಿದ್ದೆವು. ಒಂದಕ್ಕೆ ಸರಿಯಾಗಿ ಅವಳೇ ಎದ್ದು ಚಪ್ಪಲಿ ಮೆಟ್ಟಿ ಕಾರಿನಲ್ಲಿ ಹೋಗಿ ಕೂತಳು.

ಊರ ಹೊರಗೆ ಹೆದ್ದಾರಿ ಹತ್ತುತ್ತಿದ್ದಂತೆ ನಾದ ಶುರುವಾಯಿತು. ಬೇವಿನ ಗಿಡದ ಕೆಳಗೆ ನಿಲ್ಲಿಸಿದೆ. ನಾನೂ ಹಿಂದಿನ ಸೀಟಿಗೆ ಹೋದೆ. ಅವಳ ಆ ಬದಿಗೆ ಶಾಂತಾ, ಈ ಬದಿಗೆ ನಾನು. ಮುಟ್ಟದೆ ಕುಳಿತೆವು. ಶಾಂತಾಳ ಚೀಲದಲ್ಲಿ ಆ ನೋಟುಬುಕ್ಕಿತ್ತು, ಅವಳು ಅದನ್ನು ತೆಗೆಯಲಿಲ್ಲ. ಬರೆಯುವುದೇನಿತ್ತು? ಇಡೀ ವರ್ಷ ಮಗಳು ಯಾಕೆ ಕೂಗುತ್ತಾಳೆಂದು ನಮಗೆ ತಿಳಿಯಲಿಲ್ಲ. ಅಂದು ಮಾತ್ರ ತಿಳಿದಿತ್ತು. ತಿಳಿದರೂ ಮಾಡಲು ಏನೂ ಇರಲಿಲ್ಲ. ನಾನು ಬಾಯಿಗೆ ತೋಳು ಒತ್ತಿಕೊಂಡೆ. ಆಮೇಲೆ ಅದೂ ಆಗದೆ, ಅವಳ ಜೊತೆ ನಾನೂ ಕೂಗಿದೆ.